ಬೀದಿ ರೇಸಿನ ಮೂರು ದಿನ: ಹೊಸಬರಿಗೊಂದು ಪರಿಚಯ

2025ರ ಮೇ 24ರ ಶನಿವಾರ ಯುರೋಪಿನ ಪುಟ್ಟ ದೇಶ ಮೊನಾಕೊದಲ್ಲಿ ಫಾರ್ಮುಲಾ 2 ಎಂಬ ಕಾರು ಓಟದ ಸ್ಪ್ರಿಂಟ್ (ಚಿಕ್ಕ) ರೇಸ್ ನಡೆಯಿತು. ಗೆದ್ದವರು ಬೆಂಗಳೂರಿನ ಕುಶ್ ಮೈನಿ. ಮೊನಾಕೊದ ಫಾರ್ಮುಲಾ 2 ಪಂದ್ಯದಲ್ಲಿ ಭಾರತೀಯನೊಬ್ಬ ಗೆದ್ದದ್ದು ಅದೇ ಮೊದಲು. ಸುದ್ದಿ ಪತ್ರಿಕೆಗಳಲ್ಲಿ ಬಂತು, ಮೊಬೈಲುಗಳಲ್ಲಿ ಹರಿದಾಡಿತು. ಆದರೆ ನಮ್ಮ ಚಿಗಟೇರಿ, ಹರಪನಹಳ್ಳಿ, ಕೊಟ್ಟೂರು ಕಡೆ ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯೂ ನಿಯಮವನ್ನು ವಾದಿಸಿ ಹೇಳಬಲ್ಲ ಹುಡುಗರಿಗೂ ಈ ಆಟದ ಲೆಕ್ಕಾಚಾರ ಅಷ್ಟಾಗಿ ತಿಳಿಯದು. ಕಾರುಗಳು ಒಂದರ ಹಿಂದೊಂದು ಸುತ್ತು ಹೊಡೆಯುತ್ತವೆ, ಅದರಲ್ಲಿ ನೋಡುವುದೇನಿದೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊನಾಕೊದ ಆ ವಾರಾಂತ್ಯವನ್ನೇ ಪಾಠವಾಗಿಟ್ಟುಕೊಂಡು, ಏನೂ ಗೊತ್ತಿಲ್ಲದವರಿಗೂ ತಿಳಿಯುವಂತೆ ಉತ್ತರಿಸಲು ನೋಡುತ್ತೇನೆ.

ಬೀದಿಯೇ ಟ್ರ್ಯಾಕ್ ಆದಾಗ

ಕಾರು ರೇಸಿನ ಟ್ರ್ಯಾಕ್‌ಗಳಲ್ಲಿ ಎರಡು ಬಗೆ. ಒಂದು, ರೇಸಿಗೆಂದೇ ಕಟ್ಟಿದ್ದು. ದೆಹಲಿಯ ಹತ್ತಿರ ಗ್ರೇಟರ್ ನೊಯ್ಡಾದಲ್ಲಿರುವ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂಥದ್ದು. 2011ರಿಂದ 2013ರವರೆಗೆ ಅಲ್ಲಿ ಈ ಆಟದ ಮೇಲಿನ ಹಂತವಾದ ಫಾರ್ಮುಲಾ 1ರ ಮೂರು ಪಂದ್ಯಗಳು ನಡೆದವು. ಅಂಥ ಕಡೆ ತಿರುವಿನಾಚೆ ಖಾಲಿ ಜಾಗ ಬಿಟ್ಟಿರುತ್ತಾರೆ. ಚಾಲಕ ಹಿಡಿತ ತಪ್ಪಿದರೆ ಕಾರು ಆ ಬಯಲಿಗೆ ಹೋಗಿ ನಿಧಾನವಾಗುತ್ತದೆ, ಎಷ್ಟೋ ಸಲ ಮತ್ತೆ ಪಂದ್ಯಕ್ಕೆ ಮರಳುತ್ತದೆ.

ಇನ್ನೊಂದು ಬೀದಿ ಟ್ರ್ಯಾಕ್. ಜನ ದಿನವೂ ಓಡಾಡುವ ರಸ್ತೆಗಳನ್ನೇ ಕೆಲವು ದಿನ ಮುಚ್ಚಿ ಪಂದ್ಯ ನಡೆಸುತ್ತಾರೆ. ಚಿಗಟೇರಿಯ ನಾರದಮುನಿ ತೇರಿನ ದಿನ ಏನಾಗುತ್ತದೆಂದು ನೆನೆಸಿಕೊಳ್ಳಿ: ನಿನ್ನೆಯವರೆಗೆ ಎತ್ತಿನಗಾಡಿ, ಬೈಕು ಓಡಾಡಿದ ಅದೇ ಬೀದಿ ತೇರಿಗೆ ಮೀಸಲಾಗುತ್ತದೆ, ಅಡ್ಡ ಬರುವುದನ್ನೆಲ್ಲ ಸರಿಸುತ್ತಾರೆ, ಎಲ್ಲಿ ನಿಲ್ಲಬೇಕು ಎಲ್ಲಿ ನಿಲ್ಲಬಾರದು ಎಂಬ ಕಟ್ಟುಪಾಡು ಬರುತ್ತದೆ. ಮೊನಾಕೊದಲ್ಲೂ ಅದೇ ಬಗೆಯ ವ್ಯವಸ್ಥೆ. ಸುಮಾರು ಎರಡು ಚದರ ಕಿಲೋಮೀಟರ್ ವಿಸ್ತೀರ್ಣದ ಆ ದೇಶದಲ್ಲಿ ರಸ್ತೆಯ ಎರಡೂ ಬದಿಗೆ ಉಕ್ಕಿನ ತಡೆಪಟ್ಟಿ ಕಟ್ಟಿ, ಪ್ರೇಕ್ಷಕರ ಗ್ಯಾಲರಿ ಎಬ್ಬಿಸಲು ಆರು ವಾರದಷ್ಟು ಹಿಡಿಯುತ್ತದೆ. ದಿನದ ಓಟ ಮುಗಿದ ಮೇಲೆ ರಸ್ತೆಯನ್ನು ಮತ್ತೆ ಊರಿನವರ ಸಂಚಾರಕ್ಕೆ ಬಿಡುತ್ತಾರೆ.

ಇಲ್ಲಿ 1929ರಿಂದ ರೇಸ್ ನಡೆಯುತ್ತಿದೆ. ಒಂದು ಸುತ್ತಿನ ಉದ್ದ 3.337 ಕಿಲೋಮೀಟರ್, ತಿರುವುಗಳು 19. ಗುಡ್ಡ ಹತ್ತಿ ಕ್ಯಾಸಿನೊ ಮುಂದೆ ಹಾದು, ಇಳಿದು, ಸುರಂಗ ಹೊಕ್ಕು, ಬಂದರಿನ ಪಕ್ಕ ಬರುವ ಹಾದಿ ಇದು. ಹೋಟೆಲೊಂದರ ಮುಂದಿನ ಕಡಿದಾದ ತಿರುವಿನಲ್ಲಿ ಫಾರ್ಮುಲಾ 1 ಕಾರಿನ ವೇಗ ಗಂಟೆಗೆ 50 ಕಿಲೋಮೀಟರ್ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಊರಿನ ಬೈಕೂ ಹೋಗಬಲ್ಲ ವೇಗ ಅದು. ವರ್ಷದ ಎಲ್ಲ ಪಂದ್ಯಗಳ ತಿರುವುಗಳಲ್ಲಿ ಅತ್ಯಂತ ನಿಧಾನವಾದದ್ದೂ ಅದೇ.

ಬೀದಿಯೆಂದ ಮೇಲೆ ಬೀದಿಯ ಸಮಸ್ಯೆಗಳೂ ಇರುತ್ತವೆ. ಚರಂಡಿ ಮುಚ್ಚಳವನ್ನೇ ನೋಡಿ. ರೇಸ್ ಕಾರಿನ ಅಡಿಭಾಗವನ್ನು ಗಾಳಿಯ ಒತ್ತಡ ಕಡಿಮೆಯಾಗಿ ಕಾರು ನೆಲಕ್ಕೆ ಒತ್ತಿಕೊಳ್ಳುವಂತೆ ರೂಪಿಸಿರುತ್ತಾರೆ. ಆ ಸೆಳೆತ ಸಡಿಲವಾದ ಮುಚ್ಚಳವನ್ನು ಕಿತ್ತೆಬ್ಬಿಸುವಷ್ಟು ಬಲವಾದದ್ದು. 2019ರಲ್ಲಿ ಅಜರ್‌ಬೈಜಾನಿನ ಬಾಕು ನಗರದಲ್ಲಿ ಜಾರ್ಜ್ ರಸೆಲ್ ಅವರ ಕಾರು ಇಂಥ ಮುಚ್ಚಳಕ್ಕೆ ಬಡಿದು ಕೆಟ್ಟಿತು. 2023ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಕಾರ್ಲೋಸ್ ಸೈನ್ಸ್ ಅವರ ಫೆರಾರಿಗೂ ಅದೇ ಗತಿಯಾಗಿ, ಮೊದಲ ಅಭ್ಯಾಸವನ್ನು ಕೆಲವೇ ನಿಮಿಷಗಳಲ್ಲಿ ನಿಲ್ಲಿಸಬೇಕಾಯಿತು.

ನಮ್ಮ ಹತ್ತಿರದಲ್ಲೂ ಬೀದಿ ರೇಸ್‌ಗಳು ನಡೆದಿವೆ. 2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದ ರಸ್ತೆಗಳಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಪಂದ್ಯ ನಡೆದು ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು. ಮರುವರ್ಷದ ಪಂದ್ಯ ರದ್ದಾಯಿತು. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ ಸುತ್ತಲಿನ ರಸ್ತೆಗಳಲ್ಲಿ ದೀಪದ ಬೆಳಕಿನಲ್ಲಿ ರಾತ್ರಿ ರೇಸ್ ನಡೆಯಿತು.

ಶುಕ್ರವಾರ: ಗೋಡೆಯ ಪರಿಚಯ

ಈ ಆಟ ಭಾನುವಾರದ್ದು ಎಂದುಕೊಂಡು ಬಹಳ ಮಂದಿ ಭಾನುವಾರ ಮಾತ್ರ ನೋಡುತ್ತಾರೆ. ನಿಜಕ್ಕೂ ಇದು ಮೂರು ದಿನದ ಆಟ. ಫಾರ್ಮುಲಾ 1ರ ಸಾಮಾನ್ಯ ಕ್ರಮ ಹೀಗೆ: ಶುಕ್ರವಾರ ಒಂದೊಂದು ಗಂಟೆಯ ಎರಡು ಅಭ್ಯಾಸ; ಶನಿವಾರ ಇನ್ನೊಂದು ಅಭ್ಯಾಸ, ಬಳಿಕ ಅರ್ಹತಾ ಸುತ್ತು; ಭಾನುವಾರ ಮುಖ್ಯ ಪಂದ್ಯ. ಅದೇ ಟ್ರ್ಯಾಕಿನಲ್ಲಿ ಬಿಡುವಿನ ಹೊತ್ತಿಗೆ ಫಾರ್ಮುಲಾ 2ರಂಥ ಕೆಳಗಿನ ಹಂತದ ಪಂದ್ಯಗಳೂ ನಡೆಯುತ್ತವೆ. ಮೈನಿ ಗೆದ್ದದ್ದು ಅಂಥ ಪಂದ್ಯವನ್ನು.

ಶುಕ್ರವಾರ ಬೆಳಿಗ್ಗೆ ಬೀದಿ ಟ್ರ್ಯಾಕ್ ಜಾರುತ್ತದೆ. ಊರಿನ ವಾಹನಗಳ ಎಣ್ಣೆ, ದೂಳು ಅದರ ಮೇಲಿರುತ್ತದೆ. ರೇಸ್ ಕಾರುಗಳು ಓಡಿದಂತೆಲ್ಲ ಟೈರಿನ ರಬ್ಬರ್ ರಸ್ತೆಗೆ ಮೆತ್ತಿಕೊಂಡು ಹಿಡಿತ ಹೆಚ್ಚುತ್ತಾ ಹೋಗುತ್ತದೆ. ಅದಕ್ಕೇ ಬೆಳಿಗ್ಗೆಗಿಂತ ಮಧ್ಯಾಹ್ನ, ಶುಕ್ರವಾರಕ್ಕಿಂತ ಶನಿವಾರ ವೇಗ ಹೆಚ್ಚು. ಚಾಲಕರೂ ಮೊದಲು ಗೋಡೆಯಿಂದ ಒಂದು ಮೊಳ ದೂರ ಇದ್ದು, ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಯುತ್ತಾರೆ. ಟೈರಿನ ಪಕ್ಕ ತಡೆಪಟ್ಟಿಯನ್ನು ಸವರುವಷ್ಟು ಹತ್ತಿರ ಹೋದವನಿಗೆ ತಿರುವು ಅಗಲವಾಗುತ್ತದೆ, ಬೇಗ ವೇಗ ಹಿಡಿಯಲು ಆಗುತ್ತದೆ. ಒಂದು ಬೆರಳು ಹೆಚ್ಚಾದರೆ ಚಕ್ರ ಮುರಿಯುತ್ತದೆ.

ಶನಿವಾರ: ಅರ್ಧ ಪಂದ್ಯ ಇಲ್ಲೇ ಮುಗಿಯುತ್ತದೆ

ಭಾನುವಾರ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವುದು ಅರ್ಹತಾ ಸುತ್ತು. ಇಲ್ಲಿ ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದಿಲ್ಲ. ಪ್ರತಿಯೊಬ್ಬ ಚಾಲಕನೂ ಗಡಿಯಾರದ ಜೊತೆ ಸೆಣಸುತ್ತಾನೆ. 2025ರಲ್ಲಿ 20 ಕಾರುಗಳಿದ್ದವು. ಮೊದಲ 18 ನಿಮಿಷದಲ್ಲಿ ನಿಧಾನವಾದ ಐವರು ಹೊರಬಿದ್ದರು. ಮುಂದಿನ 15 ನಿಮಿಷದಲ್ಲಿ ಇನ್ನೈವರು. ಉಳಿದ 10 ಮಂದಿ ಕೊನೆಯ 12 ನಿಮಿಷ ಸೆಣಸಿದರು. ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಒಂದು ಸುತ್ತು ಮುಗಿಸಿದವನಿಗೆ ಮೊದಲ ಸ್ಥಾನ. ಅದನ್ನು ಪೋಲ್ ಪೊಸಿಷನ್ ಎನ್ನುತ್ತಾರೆ.

ಆ ವರ್ಷ ಮೊನಾಕೊದಲ್ಲಿ ಲ್ಯಾಂಡೊ ನಾರಿಸ್ 1 ನಿಮಿಷ 9.954 ಸೆಕೆಂಡಿನಲ್ಲಿ ಸುತ್ತು ಮುಗಿಸಿ ಪೋಲ್ ಪಡೆದರು. ಭಾನುವಾರ ಗೆದ್ದವರೂ ಅವರೇ. ಎರಡನೆಯವರಾಗಿ ಹೊರಟ ಶಾರ್ಲ್ ಲೆಕ್ಲೇರ್ ಎರಡನೆಯವರಾಗಿಯೇ ಬಂದರು, ಮೂರನೆಯವರಾಗಿ ಹೊರಟ ಆಸ್ಕರ್ ಪಿಯಾಸ್ಟ್ರಿ ಮೂರನೆಯವರಾಗಿಯೇ. ಅದರ ಹಿಂದಿನ ವರ್ಷ, 2024ರಲ್ಲಿ, ಮೊದಲ ಹತ್ತು ಮಂದಿಯೂ ಹೊರಟ ಕ್ರಮದಲ್ಲೇ ಗುರಿ ಮುಟ್ಟಿದ್ದರು.

ಏಕೆ ಹೀಗೆ? ಫಾರ್ಮುಲಾ 1 ಕಾರಿನ ಅಗಲ ಆಗ ಎರಡು ಮೀಟರ್, ಉದ್ದ ಐದು ಮೀಟರಿಗೂ ಮೇಲೆ. ಮೊನಾಕೊದ ಬೀದಿಯಲ್ಲಿ ಅಂಥ ಎರಡು ಕಾರು ಪಕ್ಕಪಕ್ಕ ಸಲೀಸಾಗಿ ಹೋಗಲು ಜಾಗ ಸಾಲದು. ಮುಂದಿರುವವನು ತಪ್ಪು ಮಾಡದಿದ್ದರೆ ಹಿಂದಿನವನು ಎಷ್ಟೇ ವೇಗಿಯಾದರೂ ಕಾಯಬೇಕು. ಕಾಯದೆ ನುಗ್ಗಿದರೆ ಏನಾಗುತ್ತದೆಂಬುದಕ್ಕೆ 2010ರ ಪಂದ್ಯ ಸಾಕ್ಷಿ. ಪಂದ್ಯ ಇನ್ನೇನು ಮುಗಿಯಬೇಕು ಎನ್ನುವಾಗ ರಸ್ಕಾಸ್ ಎಂಬ ತಿರುವಿನಲ್ಲಿ ಯಾರ್ನೊ ಟ್ರುಲ್ಲಿ ಚೆನ್ನೈನ ಕರುಣ್ ಚಂದೋಕ್ ಅವರನ್ನು ಹಿಂದಿಕ್ಕಲು ಹೋಗಿ, ಟ್ರುಲ್ಲಿಯ ಕಾರು ಚಂದೋಕ್ ಅವರ ಕಾರಿನ ಮೇಲೆಯೇ ಹತ್ತಿತು. ಪುಣ್ಯಕ್ಕೆ ಇಬ್ಬರಿಗೂ ಅಪಾಯವಾಗಲಿಲ್ಲ.

ಮೈನಿ ಗೆದ್ದ ಬಗೆ

ಈಗ ನಮ್ಮ ಬೆಂಗಳೂರಿನ ಹುಡುಗನ ಗೆಲುವನ್ನು ಬಿಡಿಸಿ ನೋಡೋಣ. ಮೈನಿ ಹುಟ್ಟಿದ್ದು 2000ದಲ್ಲಿ. ಅಣ್ಣ ಅರ್ಜುನ್ ಮೈನಿಯೂ ರೇಸ್ ಚಾಲಕ. ರೇವಾ ವಿದ್ಯುತ್ ಕಾರನ್ನು ಬೆಂಗಳೂರಿನಲ್ಲಿ ತಯಾರಿಸಿದ್ದು ಇವರ ಕುಟುಂಬವೇ. ಕುಶ್ 2023ರಲ್ಲಿ ಫಾರ್ಮುಲಾ 2ಕ್ಕೆ ಬಂದರು. ಈ ಹಂತದಲ್ಲಿ ಎಲ್ಲ ತಂಡಗಳಿಗೂ ಒಂದೇ ಮಾದರಿಯ ಕಾರು, ಒಂದೇ ಎಂಜಿನ್. ಹಾಗಾಗಿ ಚಾಲಕನ ಕೈಚಳಕ ಹೆಚ್ಚು ಎದ್ದು ಕಾಣುತ್ತದೆ. 2024ರಲ್ಲಿ ಹಂಗೆರಿಯ ಸ್ಪ್ರಿಂಟ್ ರೇಸ್ ಅವರ ಪಾಲಾಗಿತ್ತು; ಆದರೆ ಅಲ್ಲಿ ಮೊದಲು ಗೆರೆ ದಾಟಿದ ಚಾಲಕ ಅನರ್ಹಗೊಂಡ ಮೇಲೆ ಸಿಕ್ಕ ಗೆಲುವು ಅದು.

ಫಾರ್ಮುಲಾ 2ರಲ್ಲಿ ವಾರಾಂತ್ಯಕ್ಕೆ ಎರಡು ಪಂದ್ಯ: ಶನಿವಾರ ಚಿಕ್ಕದು, ಅಂದರೆ ಸ್ಪ್ರಿಂಟ್, ಭಾನುವಾರ ದೊಡ್ಡದು. ಚಿಕ್ಕ ಪಂದ್ಯಕ್ಕೆ ಒಂದು ತಮಾಷೆಯ ನಿಯಮವಿದೆ. ಅರ್ಹತಾ ಸುತ್ತಿನ ಮೊದಲ 10 ಮಂದಿಯ ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ಹತ್ತನೆಯವನು ಮೊದಲಿಗನಾಗಿ, ಮೊದಲಿಗನು ಹತ್ತನೆಯವನಾಗಿ ಹೊರಡಬೇಕು. ಮೈನಿ ಹತ್ತನೆಯವರಾಗಿದ್ದರು. ಆದ್ದರಿಂದ ಶನಿವಾರ ಎಲ್ಲರಿಗಿಂತ ಮುಂದೆ ನಿಂತರು.

ಹಾಗಾದರೆ ಇದು ಅದೃಷ್ಟವೇ? ಮುಂದೆ ನಿಂತದ್ದರಲ್ಲಿ ನಿಯಮದ ಪಾಲಿದೆ, ಮುಂದೆ ಉಳಿದದ್ದರಲ್ಲಿ ಇಲ್ಲ. ಓಟ ಶುರುವಾಗುವ ಸೂಚನೆಯಾಗಿ ದೀಪ ಆರಿದ ಕ್ಷಣದಿಂದ 30 ಸುತ್ತು ಅವರು ಮುಂದಿನ ಸ್ಥಾನ ಬಿಟ್ಟುಕೊಡಲಿಲ್ಲ. ಒಂದು ಸುತ್ತಿಗೆ 19 ತಿರುವಿನಂತೆ 570 ತಿರುವು. ಒಂದರಲ್ಲಿ ಲೆಕ್ಕ ತಪ್ಪಿದ್ದರೂ ಕಾರು ಗೋಡೆಗೆ. ಗಮನ ಎಷ್ಟು ಮುಖ್ಯ ಎಂಬುದಕ್ಕೆ ಬ್ರೆಜಿಲಿನ ಅಯರ್ಟನ್ ಸೆನ್ನಾ ಉದಾಹರಣೆ. ಮೊನಾಕೊದಲ್ಲಿ ಆರು ಸಲ ಗೆದ್ದ ದಾಖಲೆ ಅವರದು. ಅಂಥವರೂ 1988ರಲ್ಲಿ ಭಾರಿ ಅಂತರದಿಂದ ಮುಂದಿದ್ದಾಗ ಸುರಂಗದ ಮುಂಚಿನ ತಿರುವಿನಲ್ಲಿ ಗೋಡೆಗೆ ಹೊಡೆದು ಪಂದ್ಯ ಕಳೆದುಕೊಂಡರು. ಮೈನಿ ಗೆದ್ದ ಮರುದಿನದ ದೊಡ್ಡ ಪಂದ್ಯದಲ್ಲಂತೂ ಮೊದಲ ತಿರುವಿನಲ್ಲೇ ಹಲವು ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡು ಓಟವನ್ನೇ ನಿಲ್ಲಿಸಬೇಕಾಯಿತು.

ಭಾನುವಾರ: ಕಣ್ಣಿಡಬೇಕಾದ ಸಂಗತಿಗಳು

ಫಾರ್ಮುಲಾ 1ರ ಮುಖ್ಯ ಪಂದ್ಯ 78 ಸುತ್ತು, ಸುಮಾರು 260 ಕಿಲೋಮೀಟರ್. ಹಿಂದಿಕ್ಕುವುದು ಕಷ್ಟವಾದ್ದರಿಂದ ಇಲ್ಲಿ ಕಣ್ಣಿಡಬೇಕಾದದ್ದು ಮೂರರ ಮೇಲೆ.

ಮೊದಲನೆಯದು ಟೈರ್. ಕೆಂಪು ಪಟ್ಟಿಯದು ಮೆದು. ವೇಗ ಹೆಚ್ಚು, ಸವೆತವೂ ಹೆಚ್ಚು. ಬಿಳಿ ಪಟ್ಟಿಯದು ಗಟ್ಟಿ, ಹೆಚ್ಚು ಬಾಳುತ್ತದೆ. ಹಳದಿ ನಡುವಿನದು. ಮಳೆಗೆ ಹಸಿರು, ನೀಲಿ ಪಟ್ಟಿಯವು ಬೇರೆ ಇವೆ. ಟೈರ್ ಬದಲಿಸಲು ಕಾರು ಟ್ರ್ಯಾಕಿನ ಪಕ್ಕದ ಪಿಟ್ ಎಂಬ ತಂಗುದಾಣಕ್ಕೆ ಬರುತ್ತದೆ. ನಾಲ್ಕೂ ಚಕ್ರ ಬದಲಾಗುವುದು ಎರಡು ಮೂರು ಸೆಕೆಂಡಿನಲ್ಲಿ. ಆದರೆ ಪಿಟ್ ಓಣಿಯಲ್ಲಿ ನಿಧಾನವಾಗಿ ಹೋಗಬೇಕಾದ್ದರಿಂದ ಒಟ್ಟು ನಷ್ಟ ಸುಮಾರು 20 ಸೆಕೆಂಡ್.

ಎರಡನೆಯದು ತಂಡದ ಉಪಾಯ. 2025ರಲ್ಲಿ ಎಲ್ಲರೂ ಎರಡು ಸಲ ಟೈರ್ ಬದಲಿಸಲೇಬೇಕೆಂದು ಮೊನಾಕೊಗೆ ವಿಶೇಷ ನಿಯಮ ತಂದಿದ್ದರು. ತಂಡಗಳು ಅದಕ್ಕೂ ದಾರಿ ಹುಡುಕಿದವು. ರೇಸಿಂಗ್ ಬುಲ್ಸ್ ತಂಡದ ಲಿಯಾಮ್ ಲಾಸನ್ ಬೇಕೆಂದೇ ನಿಧಾನವಾಗಿ ಹೋಗಿ ಹಿಂದಿನವರನ್ನೆಲ್ಲ ತಡೆದರು. ಆ ಹೊತ್ತಿಗೆ ಅವರ ಜೊತೆಗಾರ ಇಸಾಕ್ ಹಜಾರ್ ಸ್ಥಾನ ಕಳೆದುಕೊಳ್ಳದೆ ಟೈರ್ ಬದಲಿಸಿಕೊಂಡು ಬಂದರು. ವಿಲಿಯಮ್ಸ್ ತಂಡವೂ ಅದೇ ದಾರಿ ಹಿಡಿಯಿತು. ಇಕ್ಕಟ್ಟಾದ ಬೀದಿಯಲ್ಲಿ ನಿಧಾನವೂ ಒಂದು ಅಸ್ತ್ರ!

ಮೂರನೆಯದು ಬಾವುಟ. ಹಳದಿ ಎಂದರೆ ಮುಂದೆ ಅಪಾಯ, ವೇಗ ತಗ್ಗಿಸಿ, ಹಿಂದಿಕ್ಕಬೇಡಿ. ನೀಲಿ ಎಂದರೆ ಒಂದು ಸುತ್ತು ಮುಂದಿರುವವನು ಬರುತ್ತಿದ್ದಾನೆ, ದಾರಿ ಬಿಡಿ. ಕೆಂಪು ಎಂದರೆ ಓಟ ನಿಲ್ಲಿಸಿ. ಕಪ್ಪುಬಿಳುಪು ಚೌಕದ ಬಾವುಟ ಎಂದರೆ ಓಟ ಮುಕ್ತಾಯ. ಅಪಘಾತವಾದಾಗ ಸೇಫ್ಟಿ ಕಾರ್ ಮುಂದೆ ಬಂದು ಎಲ್ಲರನ್ನೂ ಒಟ್ಟಿಗೆ ನಿಧಾನವಾಗಿ ಕರೆದೊಯ್ಯುತ್ತದೆ. ಅಷ್ಟು ಹೊತ್ತು ಗಳಿಸಿದ್ದ ಅಂತರವೆಲ್ಲ ಆಗ ಕರಗಿಹೋಗುತ್ತದೆ.

ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 18, ಮೂರನೆಯವನಿಗೆ 15. ಹೀಗೆ ಇಳಿಯುತ್ತಾ ಹತ್ತನೆಯವನಿಗೆ 1. ವರ್ಷವಿಡೀ ಅಂಕ ಕೂಡಿಸಿ ಚಾಂಪಿಯನ್ ಯಾರೆಂದು ಹೇಳುತ್ತಾರೆ.

ನೋಡಲು ಕೂರುವ ಮುನ್ನ

ಮೊದಲ ಸಲ ನೋಡುವಾಗ ಎಲ್ಲ ಕಾರುಗಳ ಬೆನ್ನು ಹತ್ತಬೇಡಿ. ಒಬ್ಬ ಚಾಲಕನನ್ನು ಆರಿಸಿಕೊಳ್ಳಿ, ಶುಕ್ರವಾರದಿಂದ ಅವನ ಸಮಯ ಬರೆದಿಟ್ಟುಕೊಳ್ಳಿ. ಅವನು ಎಷ್ಟೆಷ್ಟು ಸುಧಾರಿಸಿದ ಎಂಬ ಲೆಕ್ಕದಲ್ಲೇ ಆಟದ ರುಚಿ ಸಿಗುತ್ತದೆ. ಮೊನಾಕೊದ ಪಂದ್ಯಗಳು ನಮ್ಮ ಗಡಿಯಾರಕ್ಕೆ ಸಂಜೆ ಹೊತ್ತಿಗೆ ಬರುವುದರಿಂದ ಹೊಲದ ಕೆಲಸ, ಶಾಲೆ ಯಾವುದಕ್ಕೂ ಅಡ್ಡಿಯಿಲ್ಲ. ಇನ್ನೊಂದು ಮಾತು ಬೈಕ್ ಹಿಡಿದ ಹುಡುಗರಿಗೆ: ತಡೆಪಟ್ಟಿ, ವೈದ್ಯರು, ಬಾವುಟ ಹಿಡಿದ ಸಿಬ್ಬಂದಿ ಇರುವಲ್ಲಿ ಮಾತ್ರ ಬೀದಿ ರೇಸ್ ಆಟವಾಗುತ್ತದೆ. ಹರಪನಹಳ್ಳಿ ರಸ್ತೆಯಲ್ಲಿ ಅವು ಯಾವುವೂ ಇಲ್ಲ.

ಮೂರು ದಿನದಲ್ಲಿ ಒಂದೇ ಗಂಟೆ ನೋಡಲು ಬಿಡುವಿದ್ದರೆ ಭಾನುವಾರದ ಪಂದ್ಯ ಬಿಟ್ಟು ಶನಿವಾರದ ಅರ್ಹತಾ ಸುತ್ತು ನೋಡಿ. ಮೊನಾಕೊದಂಥ ಬೀದಿ ಟ್ರ್ಯಾಕಿನಲ್ಲಿ ಗೆಲ್ಲುವವನು ಹೆಚ್ಚಾಗಿ ಅಲ್ಲೇ ತೀರ್ಮಾನವಾಗುತ್ತಾನೆ.