ರಂಜಕ: ಚಕಮಕಿ ಕೋವಿಯ ಒಂದು ಕ್ರಿಯೆ ಮತ್ತು ಅದರ ಪದ

ಬಾಯಿಯಿಂದ ಮದ್ದು ತುಂಬುವ ಕೋವಿಗಳ ಕಾಲದ ಇಂಗ್ಲಿಷ್ ದಾಖಲೆಗಳನ್ನು ಕನ್ನಡಕ್ಕೆ ತರುವಾಗ ‘ಪ್ರೈಮ್’ ಮತ್ತು ‘ಲೋಡ್’ ಎಂಬ ಎರಡು ಕ್ರಿಯಾಪದಗಳೂ ‘ತುಂಬು’ ಎಂಬ ಒಂದೇ ಪದದಲ್ಲಿ ಕರಗಿಹೋಗುವ ಅಪಾಯವಿದೆ. ‘ಪ್ರೈಮ್ ಅಂಡ್ ಲೋಡ್’ ಎಂಬ ಸೈನಿಕ ಆಜ್ಞೆಯನ್ನು ‘ಕೋವಿ ತುಂಬಿರಿ’ ಎಂದಷ್ಟೇ ಅನುವಾದಿಸಿದರೆ ಅರ್ಧ ಆಜ್ಞೆ ಲುಪ್ತವಾಗುತ್ತದೆ. ನಳಿಗೆಯೊಳಗೆ ಹೋಗುವುದು ಮದ್ದು. ಹೊರಗಿನ ಬಟ್ಟಲಿಗೆ ಬೀಳುವ ಚಿಟಿಕೆ ಮದ್ದು ರಂಜಕ. ಮರಾಠಿ, ಹಿಂದಿಗಳಲ್ಲಿಯೂ ಇದೇ ಅರ್ಥದಲ್ಲಿ ಬಳಕೆಯಾದ ಈ ಪದದ ಅಗತ್ಯವನ್ನು ಮನಗಾಣಬೇಕಾದರೆ ಕ್ರಿಯೆಯನ್ನೇ ಪರಿಶೀಲಿಸಬೇಕು.

ನಳಿಗೆಯ ಬುಡದ ಬದಿಯಲ್ಲಿ ಒಂದು ಸಣ್ಣ ಬಟ್ಟಲು. ಅದರ ಪಕ್ಕದಿಂದ ನಳಿಗೆಯ ಒಳಕ್ಕೆ ಹೋಗುವ ಕಿರುರಂಧ್ರ. ಬಟ್ಟಲಿನ ಮುಚ್ಚಳವೂ ಅದರ ಮೇಲೆ ನಿಲ್ಲುವ ಉಕ್ಕಿನ ಫಲಕವೂ ಒಂದೇ ತುಂಡು. ಚಕಮಕಿ ಕಲ್ಲನ್ನು ಕಚ್ಚಿಹಿಡಿದ ಕುದುರೆ ಮುಂದಕ್ಕೆ ಬಡಿದಾಗ ಕಲ್ಲು ಫಲಕವನ್ನು ಕೆರೆಯುತ್ತದೆ, ಮುಚ್ಚಳ ತೆರೆದುಕೊಳ್ಳುತ್ತದೆ, ಉರಿಯುವ ಉಕ್ಕಿನ ಕಣಗಳು ರಂಜಕದ ಮೇಲೆ ಉದುರುತ್ತವೆ. ಕಿಡಿ ಕಲ್ಲಿನದೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಅದು ಉಕ್ಕಿನದು. ರಂಜಕದ ಜ್ವಾಲೆ ರಂಧ್ರವನ್ನು ದಾಟಿ ಒಳಗಿನ ಮದ್ದನ್ನು ಮುಟ್ಟಿದರೆ ಮಾತ್ರ ಗುಂಡು ಹೊರಡುತ್ತದೆ.

ಇಲ್ಲಿ ಹೆಚ್ಚು ಹಾಕಿದರೆ ಹೆಚ್ಚು ಖಚಿತ ಎಂಬ ತರ್ಕ ನಡೆಯದು. ಬಟ್ಟಲು ತುಂಬಿ ತುಳುಕಿದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ರಂಧ್ರದೊಳಗೇ ಮದ್ದು ತುಂಬಿಕೊಂಡರೆ ಬೆಂಕಿ ಜ್ವಾಲೆಯಾಗಿ ಹಾರುವ ಬದಲು ಬತ್ತಿಯಂತೆ ಕಣದಿಂದ ಕಣಕ್ಕೆ ಸರಿಯುತ್ತದೆ. ಆ ವಿಳಂಬದಲ್ಲಿ ಗುರಿ ತಪ್ಪುತ್ತದೆ. ಆದುದರಿಂದ ಬಟ್ಟಲಿನ ಅರ್ಧಕ್ಕೆ ಮೀರದಷ್ಟು ನುಣ್ಣನೆಯ ಮದ್ದು ಸಾಕು, ರಂಧ್ರ ಮಾತ್ರ ತೆರವಾಗಿರಬೇಕು. ತೇವ ತಗಲಿದ ರಂಜಕವನ್ನು ಒರೆಸಿ ಹೊಸತು ಹಾಕುವುದೇ ದಾರಿ. ಮಳೆಯಲ್ಲಿ ಇಡೀ ದಳಗಳ ಕೋವಿಗಳು ನಿಷ್ಪ್ರಯೋಜಕವಾಗುತ್ತಿದ್ದುದಕ್ಕೆ ಈ ಚಿಟಿಕೆಯೇ ಮುಖ್ಯ ಕಾರಣ.

ಕ್ರಮದ ಭೇದವೂ ಗಮನಾರ್ಹ. ಬೇಟೆಗಾರ ಮೊದಲು ನಳಿಗೆಗೆ ಮದ್ದುಗುಂಡು ಜಡಿದು, ಕೊನೆಯಲ್ಲಿ ಬೇರೆ ಕೊಂಬಿನಿಂದ ರಂಜಕ ಹಾಕುತ್ತಿದ್ದ. ಇದೇ ಸುರಕ್ಷಿತ ಕ್ರಮ. ಸೈನಿಕನಿಗೆ ಅಷ್ಟು ವ್ಯವಧಾನವಿರಲಿಲ್ಲ. ಬ್ರಿಟಿಷ್ ಸೈನ್ಯದ 1764ರ ಕವಾಯತಿನಲ್ಲಿ ಅವನು ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸಿ, ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮೊದಲು ಬಟ್ಟಲಿಗೆ ಸ್ವಲ್ಪ ಸುರಿದು ಮುಚ್ಚಿ, ಉಳಿದುದನ್ನು ನಳಿಗೆಗೆ ಹಾಕಬೇಕಿತ್ತು. ಅರ್ಧದಲ್ಲಿ ನಿಂತ ಕುದುರೆ ಜಾರಿದರೆ ಸಲಾಕೆ ಹಿಡಿದ ಕೈಯೇ ಹೋಗುವ ಭಯ. (ಈಗಿನ ಕನ್ನಡ ಗದ್ಯದಲ್ಲಿ ‘ಕುದುರೆ’ ಬೆರಳಿನಿಂದ ಎಳೆಯುವ ಭಾಗಕ್ಕೂ ಸಲ್ಲುತ್ತಿರುವುದರಿಂದ ಅನುವಾದಕರು ಇಲ್ಲಿಯೂ ಎಚ್ಚರ ವಹಿಸಬೇಕು.)

ರಂಜಕ ಮಾತ್ರ ಉರಿದು ಗುಂಡು ಹೊರಡದಿರುವ ಸ್ಥಿತಿಯಿಂದಲೇ ‘ಫ್ಲ್ಯಾಶ್ ಇನ್ ದ ಪ್ಯಾನ್’ ಎಂಬ ಇಂಗ್ಲಿಷ್ ನುಡಿಗಟ್ಟು ಹುಟ್ಟಿದೆಯೆಂಬುದು ಸಾಮಾನ್ಯವಾಗಿ ಒಪ್ಪಿತ ವಿವರಣೆ. ಅದನ್ನು ಅಡುಗೆಮನೆಯ ಬಾಣಲೆಗೆ ಹೊಂದಿಸುವುದು ಹಾಸ್ಯಾಸ್ಪದ. ‘ರಂಜಕವಷ್ಟೇ ಉರಿಯಿತು’ ಎಂದರೆ ಚಿತ್ರವೂ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ.

1840ರ ದಶಕದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸಿಡಿಟೊಪ್ಪಿಯ ಕೋವಿಗಳು ಬಂದಂತೆ ಬಟ್ಟಲೂ ರಂಜಕವೂ ಮರೆಯಾದವು. ಆದರೆ ತೋಟೆಯನ್ನು ಕಚ್ಚುವ ಅಭ್ಯಾಸ ಕವಾಯತಿನಲ್ಲಿ ಮುಂದುವರಿಯಿತು. 1857ರಲ್ಲಿ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ತೋಟೆಯ ಪ್ರಶ್ನೆ ಎದ್ದಾಗ, ಹಲ್ಲಿನ ಬದಲು ಕೈಯಿಂದ ಹರಿಯುವಂತೆ ಕವಾಯತನ್ನು ತಿದ್ದಲಾಯಿತು.