ನಾಯಿಯೋ ಬೆಕ್ಕೋ, ಮೊದಲು ನಿಮ್ಮ ದಿನಚರಿ ನೋಡಿ

ಮಕ್ಕಳು ಹಟ ಹಿಡಿದರೆಂದು ನಾಯಿಮರಿ ತರಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ‘777 ಚಾರ್ಲಿ’ ಸಿನಿಮಾ ನೋಡಿದ ಮೇಲೆ ಲ್ಯಾಬ್ರಡಾರ್ ಬೇಕೆನಿಸುವುದು ಸಹಜವೇ. ಆದರೆ ಬೆಳಿಗ್ಗೆ, ಸಂಜೆ ಅದನ್ನು ಸುತ್ತಾಡಿಸುವವರು ಯಾರು? ಮಕ್ಕಳಂತೂ ಅಲ್ಲ, ಬರೆದಿಟ್ಟುಕೊಳ್ಳಿ. ಇಡೀ ದಿನ ಬೀಗ ಹಾಕಿದ ಫ್ಲ್ಯಾಟಿನಲ್ಲಿ ಒಂಟಿಯಾದ ನಾಯಿ ಬೊಗಳುತ್ತದೆ, ಸೋಫಾ ಹರಿಯುತ್ತದೆ, ತಪ್ಪು ಅದರದಲ್ಲ. ಇನ್ನು ಸೈಬೀರಿಯಾದ ಚಳಿಗೆ ಹೊಂದಿಕೊಂಡ ದಟ್ಟ ತುಪ್ಪಳದ ಹಸ್ಕಿಯನ್ನು ಕಲಬುರಗಿಯ ಬಿಸಿಲಿಗೆ ತರುವುದು ಬೇಡವೇ ಬೇಡ.

“ಹಾಗಾದರೆ ಬೆಕ್ಕೇ ಸರಿ, ಅದರ ಪಾಡಿಗೆ ಅದಿರುತ್ತದೆ” ಎನ್ನುತ್ತೀರಾ? ಬೆಕ್ಕಿಗೆ ವಾಕಿಂಗ್ ಬೇಡ, ನಿಜ. ಆದರೆ ಹಾಲು-ಅನ್ನದಲ್ಲೇ ಬದುಕುತ್ತದೆ ಎಂಬ ನಮ್ಮ ಹಳೆಯ ನಂಬಿಕೆ ಸರಿಯಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಹಿಂದೆ ಬೆಕ್ಕು ಅಟ್ಟದ ಇಲಿ ಹಿಡಿದು ಈ ಕೊರತೆ ತುಂಬಿಕೊಳ್ಳುತ್ತಿತ್ತು. 5ನೇ ಮಹಡಿಯಲ್ಲಿ ಇಲಿ ಎಲ್ಲಿಂದ ಬರಬೇಕು? ನಿಮ್ಮದು ಸಸ್ಯಾಹಾರಿ ಮನೆಯಾದರೆ, ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ಒಳಗೆ ತರಬಹುದೇ ಎಂದು ಹಿರಿಯರನ್ನು ಮೊದಲೇ ಕೇಳಿಬಿಡಿ.

ಮೈ ಬಿಸಿಯಾಗಿದೆಯೆಂದು ನಿಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ನಾಯಿ, ಬೆಕ್ಕು ಎರಡಕ್ಕೂ ಬೇಡ. ರೇಬೀಸ್ ಲಸಿಕೆ ನಾಯಿಗಷ್ಟೇ ಅಲ್ಲ, ಬೆಕ್ಕಿಗೂ ಬೇಕು. ನಾಯಿ 10ರಿಂದ 13 ವರ್ಷ, ಬೆಕ್ಕು 15ರವರೆಗೂ ಜೊತೆಗಿರಬಹುದು. ಹಬ್ಬಕ್ಕೆ ಊರಿಗೆ ಹೋಗುವಾಗ ಯಾರ ಬಳಿ ಬಿಡುತ್ತೀರಿ ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ.