ಉಮ್ಮತ್ತಿಯ ವಿಷ, ಕಣ್ಣಿಗೆ ಮದ್ದು



ಉಮ್ಮತ್ತಿ ಗಿಡ ಎಲ್ಲರಿಗೂ ಗೊತ್ತು. ನಮ್ಮೂರ ತಿಪ್ಪೆ ಬದಿಯಲ್ಲಿ ಬೆಳೆಯುತ್ತೆ, ಬನಶಂಕರಿ, ಜೆ.ಪಿ. ನಗರದ ಖಾಲಿ ಸೈಟುಗಳಲ್ಲೂ ಬೆಳೆಯುತ್ತೆ. ಹೂವು ಕಹಳೆ ತರಹ, ಕಾಯಿ ತುಂಬಾ ಮುಳ್ಳು. ಹೂವನ್ನು ಶಿವನಿಗೆ ಏರಿಸುತ್ತಾರೆ. ಆದರೆ ಗಿಡವೆಲ್ಲಾ ವಿಷ. ಆ ವಿಷದಲ್ಲಿರುವ ಒಂದು ರಾಸಾಯನಿಕವೇ ಅಟ್ರೋಪಿನ್. ಇದು ಕಣ್ಣಿನ ಔಷಧಿಯೂ ಹೌದು!

ಅಟ್ರೋಪಿನ್ ಎಂದರೇನು?
ಇದೊಂದು ಸಂಯುಕ್ತ ವಸ್ತು. ಒಂದು ಅಣುವಿನಲ್ಲಿ 17 ಇಂಗಾಲ, 23 ಜಲಜನಕ, 1 ಸಾರಜನಕ, 3 ಆಮ್ಲಜನಕ ಪರಮಾಣುಗಳಿವೆ. ಯೂರೋಪಿನ ಬೆಲ್ಲಡೋನ ಎಂಬ ಗಿಡದಲ್ಲೂ ಇದು ಇದೆ. 1830ರ ದಶಕದಲ್ಲಿ ಜರ್ಮನಿಯಲ್ಲಿ ಆ ಗಿಡದಿಂದ ಇದನ್ನು ಶುದ್ಧವಾಗಿ ಬೇರ್ಪಡಿಸಿದರು.

ಕಣ್ಣಿನಲ್ಲಿ ಏನು ಮಾಡುತ್ತದೆ?
ಕನ್ನಡಿಯಲ್ಲಿ ಕಣ್ಣಿನ ನಡುವಿನ ಕರಿ ಚುಕ್ಕೆ ನೋಡಿ. ಅದೇ ಪಾಪೆ. ಬೆಳಕಿಗೆ ಬಂದರೆ ಅದು ಚಿಕ್ಕದಾಗುತ್ತೆ, ಅದನ್ನು ಕುಗ್ಗಿಸುವುದು ಒಂದು ಸ್ನಾಯು. ಆ ಸ್ನಾಯುವಿಗೆ ನರ ಕಳಿಸುವ ಸಂದೇಶವನ್ನು ಅಟ್ರೋಪಿನ್ ತಡೆಯುತ್ತದೆ. ಆಗ ಪಾಪೆ ಅಗಲವಾಗಿಯೇ ಉಳಿಯುತ್ತದೆ. ಹತ್ತಿರದ ಅಕ್ಷರವೂ ಮಂಜಾಗುತ್ತೆ.

ಉಪಯೋಗಗಳು
1. ಚಿಕ್ಕ ಮಕ್ಕಳ ಕನ್ನಡಕದ ನಂಬರು ಸರಿಯಾಗಿ ತಿಳಿಯಲು.
2. ಪಾಪೆಯ ಸುತ್ತಲಿನ ವರ್ಣಪಟಲಕ್ಕೆ ಉರಿಯೂತ ಬಂದಾಗ, ಅದು ಹಿಂದಿರುವ ಮಸೂರಕ್ಕೆ ಅಂಟದಂತೆ ತಡೆಯಲು. ನೋವೂ ಕಡಿಮೆಯಾಗುತ್ತೆ.
3. ಸಮೀಪದೃಷ್ಟಿ ಇರುವ ಮಕ್ಕಳ ನಂಬರು ಬೇಗ ಏರದಂತೆ ಮಾಡಲು. ಇದರ ಬಗ್ಗೆ ಈಗಲೂ ಸಂಶೋಧನೆ ನಡೀತಿದೆ.

ಸಂಶೋಧನೆ
ಸಿಂಗಪುರದಲ್ಲಿ 400 ಮಕ್ಕಳಿಗೆ ಹನಿ ಹಾಕಿ ನೋಡಿದರು. ಶೇಕಡ 0.01ರಷ್ಟು ತೆಳು ಹನಿಯೂ ಉಪಯೋಗ, ತೊಂದರೆಯೂ ಕಡಿಮೆ ಎಂದು 2012ರಲ್ಲಿ ತಿಳಿಸಿದರು. 2019ರಲ್ಲಿ ಹಾಂಗ್‌ಕಾಂಗ್‌ನವರು ಶೇಕಡ 0.05 ಇನ್ನೂ ಉತ್ತಮ ಎಂದರು. ಆದರೆ 2023ರಲ್ಲಿ ಅಮೆರಿಕದ ಒಂದು ಪರೀಕ್ಷೆಯಲ್ಲಿ 0.01ರ ಹನಿಯಿಂದ ಪ್ರಯೋಜನ ಕಾಣಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ ನೋಡುವುದೇ ವಿಜ್ಞಾನ.

ಶೇಕಡ 0.01 ಅಂದರೆ ಎಷ್ಟು ಗೊತ್ತಾ? 10 ಲೀಟರ್ ನೀರಿನ ಬಕೆಟ್ಟಿಗೆ ಬರೀ 1 ಗ್ರಾಂ!

ಎಚ್ಚರಿಕೆ
ಗಿಡದ ಎಲೆಯಲ್ಲಿ, ಬೀಜದಲ್ಲಿ ವಿಷ ಎಷ್ಟಿದೆ ಅಂತ ಕಣ್ಣಳತೆಯಲ್ಲಿ ಹೇಳೋಕಾಗಲ್ಲ, ಗಿಡದಿಂದ ಗಿಡಕ್ಕೆ ಬೇರೆ ಇರುತ್ತೆ. ಆದ್ದರಿಂದ ಯಾರು ಹೇಳಿದರೂ ಅದರ ರಸವನ್ನು ಕಣ್ಣಿಗೆ ಬಿಡಬಾರದು. ಗಿಡ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ಬೀಜ ತಿಂದರೆ ಬಾಯಿ ಒಣಗಿ, ಬುದ್ಧಿ ಭ್ರಮಣೆಯಾಗಿ, ಜೀವವೂ ಹೋಗಬಹುದು. ತಮ್ಮ ತಂಗಿಯರಿಗೂ ಹೇಳಿ. ಕಣ್ಣಿಗೆ ತೊಂದರೆಯಾದರೆ 1896ರಲ್ಲಿ ಶುರುವಾದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿದೆ.

ಅತಿಯಾದರೆ ಅಮೃತವೂ ವಿಷ ಅನ್ನೋ ಗಾದೆ ಇದೆ. ಅಳತೆ ತಿಳಿದವರ ಕೈಯಲ್ಲಿ ವಿಷವೂ ಮದ್ದು.

— 7ನೇ ತರಗತಿ